ಇನ್ನೊಕೆಂತಿ ಲ್ವೋವಿಚ್‌ರ ನಾಟಕ ನೆಲಕ್ಕೆ ಬಿದ್ದ ದಿನ

ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ.

ವೋಲ್ಗಾ ದಂಡೆಯ ನಮ್ಮ ರಂಗಮಂದಿರದಲ್ಲಿ ಇಪ್ಪತ್ತಾರು ವರ್ಷ, ನಟರು ಮಾತು ಮರೆತಾಗ ಮರೆಯಿಂದ ಹೇಳಿಕೊಟ್ಟವಳು ನಾನು, ಕಪಿತೋಲಿನಾ. ಇನ್ನೊಕೆಂತಿ ಲ್ವೋವಿಚ್ ನಮ್ಮ ನಿರ್ದೇಶಕರು, ನಮ್ಮ ದೊಡ್ಡ ನಟರು. ಅರ್ಧ ತಂಡಕ್ಕೆ ರಂಗದ ಮೇಲೆ ನಿಲ್ಲುವುದನ್ನು ಕಲಿಸಿದವರೇ ಅವರು. ಯುದ್ಧಕಾಲದ ದೋಣಿಗಾರರ ಮೇಲೆ ಒಂಬತ್ತು ವರ್ಷ ತಿದ್ದಿ ತಿದ್ದಿ ಒಂದು ನಾಟಕ ಬರೆದರು. ಅವರು ಬರೆದದ್ದು ಅದೊಂದೇ.

ಜನರಿಗೆ ತೋರಿಸುವ ಮೊದಲು ಮೇಲಿನವರ ಒಪ್ಪಿಗೆ ಆಗಬೇಕಲ್ಲ, ಸಂಸ್ಕೃತಿ ಇಲಾಖೆಯಿಂದ ರ್ಯೂಮಿನ್ ಬಂದ. ಹಿಂದೆ ಊರಿನ ಸ್ನಾನಗೃಹಗಳ ಉಸ್ತುವಾರಿ ನೋಡುತ್ತಿದ್ದ ಆಸಾಮಿ. ನಾವು ಆಡಿ ತೋರಿಸಿದಾಗ ಮೂರನೇ ಅಂಕದಲ್ಲಿ ಅವನೂ ಕಣ್ಣೊರೆಸಲು ಕರವಸ್ತ್ರ ತೆಗೆದ. ಮುಗಿದ ಮೇಲೆ ರಂಗದ ಮೇಲೆ ಹತ್ತಿ ಬಂದ.

"ಚೆನ್ನಾಗಿದೆ, ಆಡಿ. ಆದ್ರೆ ಪೋಸ್ಟರ್‌ನಲ್ಲಿ ನಿಮ್ಮ ಹೆಸ್ರು ಬೇಡ. ನಿಮ್ಮ ತಮ್ಮ ದೇಶ ಬಿಟ್ಟು ಓಡಿಹೋದ್ನಲ್ಲ."

"ಓಡಿಹೋದವನು ಅವನು. ಬರೆದವನು ನಾನು," ಎಂದರು ಇನ್ನೊಕೆಂತಿ ಲ್ವೋವಿಚ್.

"ವಾದ ಬೇಡ. ನಮ್ಮ ಕಚೇರಿಯ ಗೊರ್ಬುಶಿನ್ ಹೆಸ್ರು ಹಾಕೋಣ. ಅವ್ನೂ ಪದ್ಯಗಿದ್ಯ ಬರೀತಾನೆ."

ಇನ್ನೊಕೆಂತಿ ಲ್ವೋವಿಚ್ ನಮ್ಮತ್ತ ತಿರುಗಿದರು. ಹದಿನಾಲ್ಕು ಜನ ಇದ್ದೆವು. ಅವರ ಹೆಸರಿಲ್ಲದೆ ನಾವು ಆಡುವುದಿಲ್ಲ ಎಂದು ಒಬ್ಬರು ಬಾಯಿಬಿಟ್ಟಿದ್ದರೂ ಸಾಕಿತ್ತು. ನಾಯಕ ಪಾತ್ರದ ಗುಬಾರೆವ್ ಗಂಟಲು ಸರಿಮಾಡಿಕೊಂಡ, ಅಷ್ಟೇ. ಜೀವಮಾನವಿಡೀ ಬೇರೆಯವರ ಬಾಯಿಗೆ ಮಾತು ಕೊಟ್ಟ ನನಗೆ ಒಂದೇ ಒಂದು ಮಾತು ಹೊರಡಲಿಲ್ಲ. ನಾಚಿಕೆಗೇಡು!

"ನೋಡಿ, ಯಾರದ್ದೂ ತಕರಾರಿಲ್ಲ," ಎನ್ನುತ್ತ ರ್ಯೂಮಿನ್ ನಾಟಕದ ಹಸ್ತಪ್ರತಿಯನ್ನು ಮೇಜಿನ ಮೇಲೆ ಬಿಸಾಡಿದ. ಅದು ಜಾರಿ ನೆಲಕ್ಕೆ ಬಿದ್ದು ಹಾಳೆಗಳು ಚೆಲ್ಲಾಪಿಲ್ಲಿಯಾದವು.

ನಾಟಕದ ಹಾಳೆ ಕೆಳಗೆ ಬಿದ್ದರೆ, ಎತ್ತುವ ಮೊದಲು ಅದರ ಮೇಲೆ ಕೂರಬೇಕು. ಇಲ್ಲದಿದ್ದರೆ ಪ್ರಯೋಗ ನೆಲಕಚ್ಚುತ್ತದೆ ಎನ್ನುವುದು ರಂಗದವರ ಗಟ್ಟಿ ನಂಬಿಕೆ. ಅಷ್ಟು ಹೊತ್ತು ಕಲ್ಲಾಗಿದ್ದ ಹದಿನಾಲ್ಕೂ ಜನ ದಡಬಡಿಸಿ ಓಡಿದೆವು.

"ಕೂತ್ಕೊಳ್ರೋ ಬೇಗ!"

"ಅಯ್ಯೋ, ಆ ಮೂಲೇಲಿ ಇನ್ನೊಂದಿದೆ!"

ಗುಬಾರೆವ್ ಮಂಡಿ ಒಡೆದುಕೊಂಡ. ನಾನು ಸಿಕ್ಕಿದ ಹಾಳೆಯ ಮೇಲೆ ಕುಕ್ಕರಿಸಿದೆ.

ಇನ್ನೊಕೆಂತಿ ಲ್ವೋವಿಚ್ ನಮ್ಮನ್ನೇ ನೋಡುತ್ತ ನಿಂತಿದ್ದರು.

"ಕಾಗದಕ್ಕಾದ್ರೆ ಇಷ್ಟು ಜನ ಬರ್ತೀರಲ್ಲಮ್ಮ, ಕಪಿತೋಲಿನಾ ಯೆಗೊರೊವ್ನಾ," ಎಂದರು. ಕೋಟು ಹಾಕಿಕೊಂಡು ಹೊರಟುಹೋದರು. ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ.

ಎದ್ದು ನೋಡಿದೆ. ನಾನು ಕೂತಿದ್ದದ್ದು ಅವರ ಹೆಸರಿದ್ದ ಹಾಳೆಯ ಮೇಲೆ.

ಗೊರ್ಬುಶಿನ್‌ನ ನಾಟಕ ಎಂಬತ್ತು ಪ್ರಯೋಗ ಕಂಡಿತು. ನೆಲಕಚ್ಚಲಿಲ್ಲ, ಬೆಂಕಿ ಬೀಳಲಿ ನಮ್ಮ ನಂಬಿಕೆಗೆ!