ಫೋನು ನುಂಗಿದ ಸದ್ದು

ಮೆಕ್ಯಾನಿಕ್ಕು ಹಾಸಿಗೆಯ ಮೇಲೆ ಹಲಗೆಯ ಹಾಗೆ ಬಿದ್ದಿದ್ದ. ಹಿಂದಿನ ದಿನ ಸಂಜೆ ತಂಗಿಯ ಹಳೇ ಕಾರಿನ ಬಾನೆಟ್ಟಿನೊಳಗೆ ಬಗ್ಗಿದವನ ಸೊಂಟ ಬಗ್ಗಿದಲ್ಲೇ ಹಿಡಿದುಕೊಂಡಿತ್ತು. ಹೆಂಡತಿಯೂ ಪಕ್ಕದ ಪಂಕ್ಚರ್ ಅಂಗಡಿಯವನೂ ಸೇರಿ ಅವನನ್ನು ಮಡಚಿದ ಕುರ್ಚಿಯಂತೆ ಎತ್ತಿ ತಂದು ಇಲ್ಲಿ ಬಿಡಿಸಿಟ್ಟಿದ್ದರು. ಎರಡು ದಿನ ಅಲುಗಾಡಕೂಡದು ಎಂದು ಡಾಕ್ಟರು ಹೇಳಿಹೋಗಿದ್ದರು. ಅಲುಗಾಡದೆ ಇರುವುದೇನೋ ಸರಿ, ಆದರೆ ಇವತ್ತೇ ಅಲುಗಾಡಬಾರದು ಎಂದರೆ ಹೇಗೆ?

ಇವತ್ತು ತಂಗಿಗೆ ಪರೀಕ್ಷೆ. ಸಿಟಿ ಬಸ್ ಓಡಿಸುವ ಕೆಲಸಕ್ಕೆ. ಆರು ವರ್ಷ ಬ್ರೆಡ್ಡಿನ ವ್ಯಾನ್ ಓಡಿಸಿ, ಮಕ್ಕಳಿಬ್ಬರನ್ನೂ ಶಾಲೆಗೆ ಅಟ್ಟಿ ಉಳಿದ ಹೊತ್ತಿನಲ್ಲಿ ಪರಿಚಯದವರ ಲಾರಿಯಲ್ಲಿ ಕೈ ಪಳಗಿಸಿಕೊಂಡು, ಕೊನೆಗೂ ದೊಡ್ಡ ಗಾಡಿಯ ಲೈಸೆನ್ಸ್ ಪಡೆದಿದ್ದಳು. ಪಕ್ಕದ ಊರಿನ ಡಿಪೋದಲ್ಲಿ ಹತ್ತೂವರೆಗೆ ಸರಿಯಾಗಿ ಗೇಟು ಹಾಕುತ್ತಾರೆ. ಆಮೇಲೆ ಬಂದವರು ಬಂದ ದಾರಿ ಹಿಡಿಯಬೇಕು. ಮುಂದಿನ ಸಲ ಕರೆಯುವ ಹೊತ್ತಿಗೆ ಅವಳ ವಯಸ್ಸು ಮೀರಿರುತ್ತದೆ. ಇರುವುದು ಇದೊಂದೇ ಸಲ.

ಒಂಬತ್ತೂವರೆಗೆ ಫೋನು ಹೊಡೆದುಕೊಂಡಿತು.

"ಅಣ್ಣಾ, ಗಾಡಿ ಕೈಕೊಡ್ತು!"

ಮೆಕ್ಯಾನಿಕ್ಕು ಏಳಲು ಹೋಗಿ, ಸೊಂಟ ಹಿಡಿದು, ಮತ್ತೆ ಮಲಗಿದ. "ಎಲ್ಲಿದ್ದೀಯೇ ಪುಟ್ಟಿ?"

"ಹೈವೇ ಪಕ್ಕದಲ್ಲಿ. ಇನ್ನೂ ಹನ್ನೆರಡು ಕಿಲೋಮೀಟರ್ ಇದೆ. ಏರು ಹತ್ತೋವಾಗ ದಮ್ಮೇ ಇಲ್ಲ ಅಣ್ಣ. ಒತ್ತಿದಷ್ಟೂ ಸದ್ದು ಜಾಸ್ತಿ ಆಗುತ್ತೆ, ಗಾಡಿ ಎಳೆಯಲ್ಲ. ಬಾಡಿಗೆ ಕಾರನ್ನೂ ಫೋನಲ್ಲಿ ಬುಕ್ ಮಾಡಿ ನೋಡಿದೆ. ಮೂರು ಜನ ಬರ್ತೀವಿ ಅಂದು ಮೂರು ಜನಾನೂ ಕ್ಯಾನ್ಸಲ್ ಮಾಡಿದ್ರು."

"ಯಾವ ಥರ ಸದ್ದು?"

"ಕೆಟ್ಟ ಸದ್ದು."

"ಕೆಟ್ಟ ಸದ್ದು ಅಂತ ಯಾವ ಸದ್ದೂ ಇಲ್ಲ ಕಣೇ. ಕಟಕಟ ಅಂತಿದ್ಯಾ, ಚುಸ್ ಚುಸ್ ಅಂತಿದ್ಯಾ?"

"ಎಲ್ಲಾನೂ ಅಂತಿದೆ!"

ಅವನು ಸುಮ್ಮನೆ ಕೇಳಿದ್ದಲ್ಲ. ಒಳಗೆ ಬೇರಿಂಗ್ ಹೋಗಿ ಕಟಕಟ ಎನ್ನುತ್ತಿದ್ದರೆ, ಇನ್ನೊಂದು ಫರ್ಲಾಂಗು ಓಡಿಸಿದರೂ ಇಂಜಿನ್ನಿನ ಕಥೆ ಮುಗಿಯಿತು. ಎಲ್ಲೋ ಗಾಳಿ ಸೋರಿ ಚುಸ್ ಎನ್ನುತ್ತಿದ್ದರೆ ಹತ್ತು ನಿಮಿಷದ ಕೆಲಸ. ಯಾವುದು ಎಂದು ಹೇಳುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಗಿರಾಕಿಗಳೆಲ್ಲ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಗಾಡಿ ಬಂದು ನಿಂತರೆ ಬಾನೆಟ್ ಎತ್ತುವುದಕ್ಕೂ ಮೊದಲು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಣ್ಣು ತೆರೆಯುವ ಹೊತ್ತಿಗೆ ರೋಗ ಯಾವುದೆಂದು ಗೊತ್ತಾಗಿರುತ್ತಿತ್ತು.

"ಬಾನೆಟ್ ಎತ್ತು. ಸ್ಟಾರ್ಟ್ ಮಾಡಿ ಫೋನನ್ನ ಇಂಜಿನ್ ಹತ್ರ ಹಿಡಿ."

ಅವನು ಕಣ್ಣು ಮುಚ್ಚಿದ. ಮೈಯೆಲ್ಲ ಕಿವಿಯಾದ. ಏನೂ ಇಲ್ಲ.

"ಸ್ಟಾರ್ಟ್ ಮಾಡೇ."

"ಮಾಡಿದ್ದೀನಲ್ಲ! ಇಲ್ಲಿ ರಸ್ತೆ ಅದುರ್ತಿದೆ!"

"ಇನ್ನೂ ಹತ್ರ ಹಿಡಿ."

"ಇನ್ನೂ ಹತ್ರ ಹಿಡಿದ್ರೆ ಫೋನು ಬೆಲ್ಟಿಗೆ ಸಿಕ್ಕಿಕೊಳ್ಳುತ್ತೆ."

ತಂಗಿಯ ಏದುಸಿರು ಕೇಳಿಸಿತು. ಅವಳು ಮೂಗೆಳೆದದ್ದು ಕೇಳಿಸಿತು. ಇಂಜಿನ್ ಮಾತ್ರ ದೂರದಲ್ಲೆಲ್ಲೋ ಕಂಬಳಿ ಹೊದ್ದು ಮಲಗಿದವರ ಉಸಿರಿನಂತೆ ಒಮ್ಮೆ ಬಂದು ಒಮ್ಮೆ ಮಾಯವಾಯಿತು. ಸ್ಪೀಕರ್ ಆಫ್ ಮಾಡಿಸಿದ, ಆನ್ ಮಾಡಿಸಿದ. ಫೋನಿನ ಕೆಳಗಿನ ತೂತಿನಲ್ಲಿ ಧೂಳು ಕೂತಿರಬಹುದೆಂದು ಊದಿಸಿದ. ಅವಳು ಊದಿದ್ದು ಅವನ ಕಿವಿಯಲ್ಲಿ ಬಿರುಗಾಳಿಯಾಗಿ ನುಗ್ಗಿತು. ಇಂಜಿನ್ ಮಾತ್ರ ನಾಪತ್ತೆ.

"ಹೋಗ್ಲಿ, ಬಾಯಲ್ಲೇ ಮಾಡಿ ತೋರಿಸು."

"ಏನನ್ನ?"

"ಸದ್ದನ್ನ ಕಣೇ!"

ಹೈವೇ ಬದಿಯಲ್ಲಿ ನಿಂತು, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಆ ಮೂವತ್ತೊಂಬತ್ತರ ಹೆಂಗಸು "ಡುಬುಕ್ಕು ಡುಬುಕ್ಕು ಡುಸ್" ಎಂದಳು. ಅದು ಮಾತ್ರ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಬಂತು.

"ಇದೇನೇ, ಮೇಕೆ ಕೆಮ್ಮಿದ ಹಾಗಿದೆ."

"ಅಣ್ಣಾ, ಒಂಬತ್ತು ನಲವತ್ತು! ಆಮೇಲೆ ಆಡಿಕೋ!"

ಅವನಿಗೆ ನಗು ಬರಲಿಲ್ಲ. ರಸ್ತೆ ಅದುರಿಸುವ ಇಂಜಿನ್ ತನಗೆ ಕೇಳಿಸುತ್ತಿಲ್ಲ. ಇಪ್ಪತ್ತೆಂಟು ವರ್ಷ ಸುತ್ತಿಗೆ, ಸೈಲೆನ್ಸರುಗಳ ನಡುವೆ ತಿಂದ ಅನ್ನ ಕಿವಿಯನ್ನೇ ತಿಂದುಹಾಕಿತೇ? ಅದೂ ಇವತ್ತೇ?

"ಲೇ, ನನ್ನ ಕಿವಿ ಹೋಯ್ತು ಕಣೇ," ಎಂದ ಹೆಂಡತಿಯತ್ತ ತಿರುಗಲಾರದೆ, ಫ್ಯಾನಿನತ್ತ ನೋಡುತ್ತ.

ಹೆಂಡತಿ ಅದೇ ಕೋಣೆಯ ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಪಾರ್ಸೆಲ್ ಕಂಪನಿಯೊಂದರ ಗಿರಾಕಿಗಳ ಕರೆಗಳಿಗೆ ಮನೆಯಿಂದಲೇ ಉತ್ತರ ಕೊಡುವುದು ಅವಳ ಕೆಲಸ. "ನಿಮ್ಮ ಪಾರ್ಸೆಲ್ ಹೊರಟಿದೆ ಸರ್, ಸಂಜೆಯೊಳಗೆ ಬರುತ್ತೆ" ಎಂದು ಜೇನಿನಂಥ ದನಿಯಲ್ಲಿ ಕರೆ ಮುಗಿಸಿ, ಅದೇ ಉಸಿರಲ್ಲಿ ಗದರಿದಳು. "ಕಿವಿ ಹೋಗಿದ್ರೆ ನಾನು ಅಡುಗೆಮನೇಲಿ ಗೊಣಗಿದ್ದು ನಿಮಗೆ ಹೆಂಗೆ ಕೇಳ್ಸುತ್ತೆ? ಸುಮ್ನಿರಿ."

"ಗಾಡಿ ಸದ್ದೇ ಕೇಳ್ತಿಲ್ವೇ! ಅವಳ ಮಾತು ಕೇಳುತ್ತೆ, ಉಸಿರು ಕೇಳುತ್ತೆ..."

ಹೆಂಡತಿಯ ಕೈ ಹೆಡ್‌ಫೋನಿನ ಮೇಲೆ ಹಾಗೇ ನಿಂತಿತು. ಬಚ್ಚಲಲ್ಲಿ ವಾಷಿಂಗ್ ಮೆಷೀನು ಬಟ್ಟೆ ಹಿಂಡುತ್ತಾ ಗೋಡೆಗೆ ಗುದ್ದುತ್ತಿತ್ತು. ಅವಳು ಅದರ ಕಡೆ ನೋಡಿದಳು. ಇವನ ಕಡೆ ನೋಡಿದಳು.

"ರೀ! ನಿಮ್ಮ ಕಿವಿ ಅಲ್ಲರೀ, ಫೋನು!"

"ಫೋನು ಸರಿಯಾಗಿದೆ. ಅವಳ ಮಾತು ಬರ್ತಿದ್ಯಲ್ಲ."

"ಅದೇ ನಾನು ಹೇಳ್ತಿರೋದು! ಈ ದೆವ್ವ ಹಿಂಗೆ ಕುಣೀತಿರುತ್ತೆ, ಮಿಕ್ಸಿ ಕಿರುಚುತ್ತೆ, ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯಾದ್ರೂ ಏನಮ್ಮ ಗಲಾಟೆ ಅಂತ ಕೇಳಿದ್ದಾನಾ? ಫೋನು ಮಾತನ್ನ ಮಾತ್ರ ದಾಟಿಸುತ್ತೆ, ಮಿಕ್ಕ ಸದ್ದೆಲ್ಲಾ ಗಲಾಟೆ ಅಂತ ನುಂಗಿಹಾಕುತ್ತೆ. ಅದಕ್ಕೇನು ಗೊತ್ತು ನಿಮಗೆ ಆ ಗಲಾಟೆನೇ ಬೇಕು ಅಂತ!"

ಅವಳಾಗಲೇ ಅವನ ಕೈಯಿಂದ ಫೋನು ಕಿತ್ತುಕೊಂಡಿದ್ದಳು.

"ಪುಟ್ಟೀ, ಕಾಲ್ ಮಾಡ್ತಾ ಕೇಳಿಸಿದ್ರೆ ಆಗಲ್ಲ. ಫೋನಿಟ್ಟು ಕ್ಯಾಮೆರಾದಲ್ಲಿ ವಿಡಿಯೋ ಮಾಡಿ ಕಳ್ಸು. ವಿಡಿಯೋದಲ್ಲಿ ಎಲ್ಲಾ ಸದ್ದೂ ಬರುತ್ತೆ. ಹತ್ತು ಸೆಕೆಂಡ್ ಸಾಕು, ದೊಡ್ಡದಾದ್ರೆ ಬರೋಕೆ ಹೊತ್ತಾಗುತ್ತೆ."

ಅರ್ಧ ನಿಮಿಷದಲ್ಲಿ ಮತ್ತೆ ಕರೆ. "ಅತ್ತಿಗೇ, ಜಾಗ ಇಲ್ಲ ಅಂತಿದೆ ಫೋನು!"

"ಏನಾದ್ರೂ ಅಳಿಸು."

"ಎಲ್ಲಾ ಮಕ್ಕಳ ಫೋಟೋ. ಏನು ಅಳಿಸ್ಲಿ?"

"ನಿಮ್ಮಣ್ಣ ದಿನಾ ಕಳಿಸೋ ವಿಡಿಯೋ ಇರುತ್ತಲ್ಲ, ಅಷ್ಟೂ ಅಳಿಸು. ಒಂದು ಸಿನಿಮಾ ತೆಗೆಯೋಷ್ಟು ಜಾಗ ಆಗುತ್ತೆ."

"ಏಯ್, ಅದರಲ್ಲಿ ಒಳ್ಳೊಳ್ಳೆವೂ ಇವೆ," ಎಂದ ಮೆಕ್ಯಾನಿಕ್ಕು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಇನ್ನೂರು ಅಳಿಸ್ದೆ! ಈಗಲೂ ಜಾಗ ಇಲ್ಲ ಅಂತಿದೆ, ಅತ್ತಿಗೆ!" ತಂಗಿಯ ದನಿ ಒಡೆಯುತ್ತಿತ್ತು.

"ಅಳಬೇಡ. ಅಳಿಸಿದ್ದೆಲ್ಲಾ ಕಸದ ಬುಟ್ಟಿಗೆ ಹೋಗಿ ಕೂತಿರುತ್ತೆ. ಗ್ಯಾಲರಿಯಲ್ಲಿ ಕೆಳಗೆ ಹೋಗು, ಬುಟ್ಟಿ ಚಿತ್ರ ಇದೆ, ಅದನ್ನ ಖಾಲಿ ಮಾಡು."

ಒಂಬತ್ತು ಐವತ್ತಕ್ಕೆ ವಿಡಿಯೋ ಬಂತು. ಪರದೆಯ ಮೇಲೆ ಆ ಹಾಳು ಚಕ್ರ ಸುತ್ತಿತು, ಸುತ್ತಿತು, ಆಮೇಲೆ ಇಂಜಿನ್ನು ಕೋಣೆಯೊಳಗೇ ಗುಡುಗಿತು!

ಓ, ಎಂಥ ಸದ್ದು! ಮೆಕ್ಯಾನಿಕ್ಕಿಗೆ ಹೋದ ಜೀವ ಬಂದಂತಾಯಿತು. ಫ್ಯಾನ್ ಬೆಲ್ಟಿನ ಸಣ್ಣ ಕಿರುಗುಟ್ಟುವಿಕೆ, ವಾಲ್ವುಗಳ ಟಿಕಿಟಿಕಿ, ಹಿಂದೆ ಹಾದುಹೋದ ಲಾರಿಯ ಹಾರ್ನು, ಒಂದೊಂದೂ ಬಿಡಿಬಿಡಿಯಾಗಿ ಕೇಳಿಸಿತು. ಕಿವಿ ಎಲ್ಲಿಗೂ ಹೋಗಿರಲಿಲ್ಲ. ಕಣ್ಣು ಮುಚ್ಚಿ ಬೆರಳಲ್ಲಿ ಹಾಸಿಗೆಯ ಮೇಲೆ ತಾಳ ಹಾಕಿದ. ಒಂದು, ಎರಡು, ಮೂರು, ಚುಸ್. ಒಂದು, ಎರಡು, ಮೂರು, ಚುಸ್.

"ಕಟಕಟ ಇಲ್ಲ! ಕಟಕಟ ಇಲ್ಲ ಕಣೇ! ಗಾಳಿ! ನಾಲ್ಕು ಸಿಲಿಂಡರಲ್ಲಿ ಒಂದೇ ಒಂದು ಸೋರ್ತಿದೆ! ಪ್ಲಗ್..."

ನಿನ್ನೆ ಸಂಜೆ ಕಣ್ಣಿಗೆ ಕಟ್ಟಿದಂತೆ ಬಂತು. ಸಿಲಿಂಡರಿಗೊಂದರಂತೆ ಹೊಸ ಸ್ಪಾರ್ಕ್ ಪ್ಲಗ್ಗು ನಾಲ್ಕು. ಮೂರನ್ನು ಪಾನಾ ಹಾಕಿ ಬಿಗಿದಿದ್ದ. ನಾಲ್ಕನೆಯದನ್ನು ಬೆರಳಲ್ಲಿ ತಿರುಗಿಸಿ ಕೂರಿಸಿ, ಪಾನಾಕ್ಕೆ ಕೈ ಚಾಚಿದಾಗಲೇ ಸೊಂಟ ಚಳಕ್ ಎಂದದ್ದು. ಆಮೇಲೆ ನೆಲದ ಮೇಲೆ ಬಿದ್ದುಕೊಂಡೇ ಕೂಗಿ ಹೇಳಿ, ಹೆಂಡತಿಯ ಕೈಯಲ್ಲಿ ನಾಲ್ಕೂ ವಯರ್ ಸಿಕ್ಕಿಸಿ ಬಾನೆಟ್ ಮುಚ್ಚಿಸಿದ್ದ. ವಯರ್ ನೆನಪಿತ್ತು, ಬಿಗಿಯುವುದು ಮರೆತಿತ್ತು. ದಾರಿಯುದ್ದಕ್ಕೂ ಅದುರಿ ಅದುರಿ ಪ್ಲಗ್ಗು ಸಡಿಲಾಗಿದೆ.

ಅಷ್ಟರಲ್ಲಿ ತಂಗಿ ಮತ್ತೆ ಫೋನು ಮಾಡಿದಳು. "ಏನಂತೆ ಅಣ್ಣ? ಮಾತಾಡು!"

ಗಿರಾಕಿಯಾಗಿದ್ದರೆ "ಕಂಪನಿಯವರು ಮಾಡಿದ್ದೇ ಹಂಗೆ" ಎಂದು ಜಾರಿಕೊಳ್ಳಬಹುದಿತ್ತು.

"ನಂದೇ ತಪ್ಪು ಪುಟ್ಟಿ. ಬ್ಯಾಟರಿ ಕಡೆಯ ಪ್ಲಗ್ ಬಿಗಿ ಮಾಡಿಲ್ಲ ನಾನು."

"ಬೈಯೋದು ಬಾಕಿ ಇಟ್ಟಿರ್ತೀನಿ," ಎಂದಳು ತಂಗಿ. "ಈಗ ಏನು ಮಾಡ್ಲಿ ಹೇಳು."

"ಇಂಜಿನ್ ಆಫ್ ಮಾಡು. ಡಿಕ್ಕೀಲಿ ಸ್ಟೆಪ್ನಿ ಕೆಳಗೆ ಚೀಲ ಇದೆ, ಅದರಲ್ಲಿ ಕೊಳವೆ ಥರದ ಪಾನಾ. ಸಿಕ್ತಾ? ಕೈಗೆ ಟವೆಲ್ ಸುತ್ತಿಕೋ, ಸುಡುತ್ತೆ. ಬ್ಯಾಟರಿ ಕಡೆಯ ವಯರ್ ಹಿಡಿದೆಳಿ. ವಯರ್ ಅಲ್ಲ, ಅದರ ಟೋಪಿ ಹಿಡಿ!"

"ಬಂತು! ಅಯ್ಯೋ, ಪ್ಲಗ್ಗು ಅಲುಗಾಡ್ತಿದೆ ಅಣ್ಣ, ಹಾಲು ಹಲ್ಲಿನ ಥರ!"

"ಪಾನಾ ಹಾಕಿ ಮೊದಲು ಬರೀ ಕೈಲಿ ತಿರುಗಿಸು. ನೆಟ್ಟಗೆ ಕೂರಬೇಕು. ತಿರುಗೋದು ನಿಂತ್ಮೇಲೆ ಪಾನಾದ ತೂತಿಗೆ ಸ್ಕ್ರೂಡ್ರೈವರ್ ತೂರಿಸಿ ಇನ್ನೊಂದು ಚೂರು. ಜಾಸ್ತಿ ಬಲ ಹಾಕಬೇಡ, ನಿನ್ನ ಕೈ ನಂಗೊತ್ತು."

"ಆಯ್ತು... ನಿಂತಿತು... ವಯರ್ ಹಾಕ್ದೆ." ಬಾಗಿಲು ಬಡಿದ ಸದ್ದು ಅರ್ಧಕ್ಕೇ ತುಂಡಾಯಿತು. ಆಮೇಲೆ ಏನೂ ಇಲ್ಲ. ಅಣ್ಣ, ಅತ್ತಿಗೆ ಇಬ್ಬರೂ ಒಂದೇ ಫೋನಿಗೆ ಕಿವಿ ಕೊಟ್ಟು ಉಸಿರು ಹಿಡಿದಿದ್ದರು.

"ಅಣ್ಣಾ, ಬೆಣ್ಣೆ ಕಣೋ! ಬೆಣ್ಣೆ! ಕೇಳ್ತಾ?"

"ಎಲ್ಲಿ ಕೇಳುತ್ತೆ! ನೀನು ಕಿರುಚೋದೊಂದೇ ಕೇಳ್ತಿರೋದು. ಹೊರಡೇ ಮಾರಿ, ಹತ್ತು ಗಂಟೆ ಆಯ್ತು!"

ಕರೆ ನಿಂತಿತು. ಇನ್ನು ಮಾಡುವುದೇನೂ ಇರಲಿಲ್ಲ. ಹೆಂಡತಿ ಒಬ್ಬ ಗಿರಾಕಿಗೆ ಇನ್ನೊಬ್ಬನ ಪಾರ್ಸೆಲ್ಲಿನ ವಿಷಯ ಹೇಳಿ ನಾಲಿಗೆ ಕಚ್ಚಿಕೊಂಡಳು. ಹತ್ತು ಇಪ್ಪತ್ತೆಂಟಕ್ಕೆ ಒಂದು ಫೋಟೋ ಬಂತು: ಮುಚ್ಚುತ್ತಿರುವ ಕಬ್ಬಿಣದ ಗೇಟು. ಫೋಟೋ ತೆಗೆದದ್ದು ಗೇಟಿನ ಒಳಗಿನಿಂದ. ಅದನ್ನು ಗಮನಿಸುವವರೆಗೆ ಮೆಕ್ಯಾನಿಕ್ಕಿನ ಪ್ರಾಣ ಬಾಯಿಗೆ ಬಂದಿತ್ತು.

ಆಮೇಲೆ ಮೂರು ಗಂಟೆ ಸದ್ದಿಲ್ಲ. ಹನ್ನೊಂದು ಮೀಟರ್ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಯಾವ ಕನ್ನಡಿ ನೋಡಬೇಕೆಂದು ಅವನು ಫ್ಯಾನಿಗೆ ಹೇಳಿಕೊಡುತ್ತಿದ್ದ. ಒಂದೂವರೆಗೆ ಫೋನು ಬಂತು.

"ಅಣ್ಣ, ಸಾಹೇಬ್ರು ಮೊದಲು ನನ್ನ ಕೈ ನೋಡಿದ್ರು. ಮಸಿಯೋ ಮಸಿ. ಏನಮ್ಮಾ ಇದು ಅಂದ್ರು. ದಾರೀಲಿ ಪ್ಲಗ್ ಬಿಗಿದು ಬಂದೆ ಸಾರ್ ಅಂದೆ. ಉಳಿದವರ ಕೈ ಎಲ್ಲಾ ಹೊಳೀತಿತ್ತು."

"ಅದಿರ್ಲಿ, ಆಮೇಲೆ?"

"ಬಸ್ ಕೊಟ್ರು. ಹಿಂದಕ್ಕೆ ತೆಗಿ ಅಂದ್ರು, ತೆಗೆದೆ. ಏರಲ್ಲಿ ನಿಲ್ಲಿಸಿ ಎತ್ತು ಅಂದ್ರು, ಎತ್ತಿದೆ. ಒಂದಂಗುಲಾನೂ ಹಿಂದೆ ಜಾರಲಿಲ್ಲ!"

"ಆಮೇಲೆ? ಹೇಳೇ!"

"ಸೋಮವಾರ ಬೆಳಗ್ಗೆ ಐದೂವರೆಗೆ ಟ್ರೈನಿಂಗಿಗೆ ಬಾ ಅಂದಿದ್ದಾರೆ. ಯೂನಿಫಾರ್ಮ್ ಅಳತೆನೂ ತಗೊಂಡ್ರು!"

ಹೆಂಡತಿ "ಹೋ!" ಎಂದು ಕೂಗಿದ ಕೂಗಿಗೆ, ಅವಳ ಹೆಡ್‌ಫೋನಿನಲ್ಲಿದ್ದ ಗಿರಾಕಿ ಏನಾಯ್ತು ಮೇಡಂ ಎಂದು ಗಾಬರಿಯಾದ. ಮೆಕ್ಯಾನಿಕ್ಕು ಹಿಗ್ಗನ್ನು ತಂಗಿಗೆ ತೋರಿಸಬಾರದೆಂದು ಗಡಸಾಗಿ ಕೇಳಿದ, "ಬಸ್ಸಿನ ಇಂಜಿನ್ ಹೆಂಗಿತ್ತೇ? ಸದ್ದು ಗಿದ್ದು?"

"ಯಾರಿಗ್ಗೊತ್ತು? ಅದೆಲ್ಲಾ ನೋಡೋಕೆ ಡಿಪೋದಲ್ಲಿ ಜನ ಇದ್ದಾರೆ," ಎಂದಳು ತಂಗಿ. "ನಾನು ಡ್ರೈವರ್ರು."