ಪರದೆಯೊಳಗೆ ಹತ್ತೊಂಬತ್ತು ಜಿಂಕೆ

“ಎಳೀರಿ, ಇನ್ನೂ ಬಿಗಿಯಾಗಿ ಎಳೀರಿ! ಪರದೆ ಪಟಪಟ ಅಂದ್ರೆ ಜಿಂಕೆ ಎದೆ ಒಡ್ಕೊಂಡು ಸಾಯ್ತದೆ!”

“ಅಬ್ಬಾ, ಮೆಲ್ಲಗೆ. ಪರದೆಗಲ್ಲ, ನಿಮ್ಮ ಗಂಟಲಿಗೇ ಸತ್ತೋಗ್ತವೆ ಅವು,” ಎಂದಳು ತಹಸೀನ್.

ಅವಳ ಅಪ್ಪ ಇಸಾಕ್ ಸಾಬ್ ತಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದರು. ಪಾಪ, ಅವರದೇನು ತಪ್ಪು? ಗುಬ್ಬಿಯಲ್ಲಿ ನಲವತ್ತು ವರ್ಷದಿಂದ ಮದುವೆ ಮನೆಗಳಿಗೆ ಶಾಮಿಯಾನ ಹಾಕಿಸುತ್ತ ಬಂದ ಮನುಷ್ಯ. ಕೂಗಾಡದೆ ಒಂದು ಗೂಟ ಹೊಡೆಸಿ ಗೊತ್ತಿಲ್ಲ. ಇವತ್ತು ಅವರ ಕೆಂಪು-ಹಳದಿ ಪರದೆಗಳು ಮಾರ್ಕೋನಹಳ್ಳಿ ಜಲಾಶಯದ ಪಕ್ಕದ ಜಿಂಕೆ ಆವರಣದೊಳಗೆ ಎರಡು ಸಾಲಾಗಿ ನಿಂತಿದ್ದವು. ಶುರುವಿನಲ್ಲಿ ಅಗಲವಾಗಿದ್ದ ಓಣಿ ಹೋಗ್ತಾ ಹೋಗ್ತಾ ಕಿರಿದಾಗಿ, ಕೊನೆಗೆ ಒಂದು ಮರದ ಪೆಟ್ಟಿಗೆಯ ಬಾಯಿಗೆ ಸೇರುತ್ತಿತ್ತು. ತಂತಿಬೇಲಿ ಕಂಡರೆ ಜಿಂಕೆ ಹಾರಿ ಕಾಲು ಮುರಿದುಕೊಳ್ಳುತ್ತದೆ, ಆಚೆ ಏನೂ ಕಾಣದ ಬಟ್ಟೆಯನ್ನು ಗೋಡೆ ಎಂದೇ ನಂಬುತ್ತದೆ. ಇದನ್ನು ಎಲ್ಲೋ ಓದಿದ ರಾತ್ರಿಯೇ ತಹಸೀನ್ ಅಪ್ಪನಿಗೆ ಫೋನ್ ಮಾಡಿದ್ದಳು.

ಕುಣಿಗಲ್ ಕಡೆ ದನದ ಡಾಕ್ಟರಾಗಿ ಅವಳಿಗಿದು ನಾಲ್ಕನೇ ವರ್ಷ. ಮೂರು ವಾರದ ಹಿಂದೆ ಇಲ್ಲೊಂದು ಗಂಡು ಜಿಂಕೆ ಸತ್ತಾಗ ಕೊಯ್ದು ನೋಡಿದವಳೂ ಅವಳೇ. ಶ್ವಾಸಕೋಶದ ತುಂಬ ಗಂಟು. ದನಗಳಿಗೆ ಬರುವ ಕ್ಷಯ, ಹಸಿ ಹಾಲಲ್ಲಿ ಮನುಷ್ಯರಿಗೂ ದಾಟುವಂಥದ್ದು! ಉಳಿದ ಹತ್ತೊಂಬತ್ತನ್ನೂ ಮುಗಿಸಿಬಿಡಿ ಎಂದರು ಮೇಲಿನವರು. ದನಕ್ಕಾದರೆ ಕತ್ತಿನ ಚರ್ಮಕ್ಕೆ ಸೂಜಿ ಚುಚ್ಚಿ, ಮೂರು ದಿನ ಬಿಟ್ಟು ಬಾವು ಅಳೆದರೆ ಆಯಿತು. ಜಿಂಕೆಯನ್ನು ಎರಡೆರಡು ಸಲ ಹಿಡಿಯುವುದುಂಟೇ? ಒಂದು ಸಲಕ್ಕೇ ಅರ್ಧ ಜೀವ ಹೋಗಿರುತ್ತದೆ. ಕೊನೆಗೆ ತಹಸೀನ್ ಹಟ ಹಿಡಿದು, ಅರ್ಜಿಯ ಮೇಲೆ ಅರ್ಜಿ ಬರೆದು, ರಕ್ತ ನೋಡುವ ಪಟ್ಟಿಗಳನ್ನು ತರಿಸಿಕೊಂಡಳು. ರೋಗದ ಜೊತೆ ಗುದ್ದಾಡಿದ ಮೈ ಅದರ ಗುರುತನ್ನು ರಕ್ತದಲ್ಲಿ ಉಳಿಸಿಕೊಂಡಿರುತ್ತದೆ. ಒಂದು ತೊಟ್ಟು ಬಿಟ್ಟರೆ ಇಪ್ಪತ್ತು ನಿಮಿಷದಲ್ಲಿ ಪಟ್ಟಿ ಹೇಳುತ್ತದೆ. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇದೆ. “ಒಂದೇ ಒಂದು ಅವಕಾಶ ಕಣಮ್ಮ. ಹಿಡಿಯೋವಾಗ ಜಿಂಕೆ ಸತ್ರೆ ಎಲ್ಲಾ ಅಲ್ಲಿಗೇ ನಿಲ್ಸು,” ಎಂದಿದ್ದರು ಇಲಾಖೆಯ ಸಾಹೇಬರು.

ಬೆಳಗಿನ ಆರು ಗಂಟೆ. ಜಿಂಕೆ ನೋಡಿಕೊಳ್ಳುವ ಬಸವರಾಜ್ ಓಣಿಯ ಬಾಯಲ್ಲಿ ನಿಂತು “ಮಲ್ಲೀ, ಬಾರವ್ವ,” ಎಂದ. ಮಲ್ಲಿ ಅವನ ಸಾಕುಮಗಳು. ತಾಯಿ ಸತ್ತ ಮರಿಯನ್ನು ಮನೆಗೆ ಒಯ್ದು, ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದ. ಅವಳು ಕಿವಿ ನಿಮಿರಿಸಿ, ಅವನ ಅಂಗೈಯ ಬೆಲ್ಲ ಮೂಸುತ್ತ ಓಣಿಯೊಳಗೆ ನಡೆದಳು. ಹಿಂದೆ ಇನ್ನೊಂದು ಬಂತು. ಅದರ ಹಿಂದೆ ಮತ್ತೆರಡು. ಅಬ್ಬಬ್ಬಾ, ಆಮೇಲೆ ನೋಡಬೇಕಿತ್ತು, ಇಡೀ ಹಿಂಡು ದಿಬ್ಬಣದ ಹಾಗೆ ಸಾಲಾಗಿ ಒಳಗೆ! ಇಸಾಕ್ ಸಾಬ್ ತುಟಿ ಕಚ್ಚಿಕೊಂಡು ಹಿಂದಿನ ಪರದೆ ಎಳೆದರು. ತಹಸೀನ್ ಸೂಜಿ ಹಿಡಿದು ಪೆಟ್ಟಿಗೆಯ ಪಕ್ಕ ಕೂತಳು. ಒಂದೊಂದೇ ಪೆಟ್ಟಿಗೆಗೆ ಬಂತು, ಕಣ್ಣಿಗೆ ಬಟ್ಟೆ ಬಿತ್ತು, ಸೂಜಿ ಆಡಿತು, ಆಚೆ ಬಾಗಿಲಿಂದ ಚಂಗನೆ ಹೊರಗೆ. ಯಾವುದೂ ಸಾಯಲಿಲ್ಲ. ಯಾವುದೂ ಕುಂಟಲಿಲ್ಲ. ಬಸವರಾಜನ ಮಗ್ಗುಲಲ್ಲಿ ಸುಮ್ಮನೆ ನಿಂತಿದ್ದ ಮಲ್ಲಿಯ ರಕ್ತ ಕೊನೆಗೆ ತೆಗೆದದ್ದು.

ಇಸಾಕ್ ಸಾಬ್ ತಂದಿದ್ದ ಮದುವೆ ಊಟದ ಮೇಜಿನ ಮೇಲೆ ಪಟ್ಟಿಗಳು ಸಾಲಾಗಿ ಮಲಗಿದ್ದವು. ಮೊದಲನೆಯದು, ಒಂದೇ ಗೆರೆ. ಎರಡನೆಯದು, ಒಂದೇ. ಎಂಟಾಯಿತು, ಹತ್ತಾಯಿತು. ಹದಿನೆಂಟನೆಯದಕ್ಕೂ ಒಂದೇ ಗೆರೆ ಬಂದಾಗ ಇಸಾಕ್ ಸಾಬರಿಗೆ ತಡೆಯಲಾಗಲಿಲ್ಲ. “ಗೆದ್ಬಿಟ್ಟೆ ಬೇಟಾ!” ಎಂದು ಕೂಗಿ ಬಸವರಾಜನನ್ನು ತಬ್ಬಿಕೊಂಡರು. ತಹಸೀನ್ ನಗುತ್ತಲೇ ಕೊನೆಯ ಪಟ್ಟಿಯತ್ತ ಬಗ್ಗಿದಳು. ಮೊದಲು ಮಸುಕಾಗಿ, ಆಮೇಲೆ ಸ್ಪಷ್ಟವಾಗಿ, ಎರಡನೇ ಗೆರೆ ಮೂಡಿತು.

“ಮಲ್ಲೀದಾ?” ಎಂದ ಬಸವರಾಜ್.

“ಇದೊಂದೇ ಕೊನೆ ಮಾತಲ್ಲ ಬಸವರಾಜಣ್ಣ. ಬೆಂಗಳೂರಿಗೂ ರಕ್ತ ಕಳಿಸ್ತೀನಿ. ಅಲ್ಲೀವರ್ಗೂ ಇವಳು ಬೇರೆ ಇರ್ಲಿ. ಉಳಿದ ಹದಿನೆಂಟನ್ನ ಮುಟ್ಟೋಕೆ ನಾನು ಬಿಡಲ್ಲ,” ಎಂದಳು ತಹಸೀನ್. ಆ ಪಟ್ಟಿಯನ್ನು ಬೇರೆ ಎತ್ತಿಡುತ್ತ ಕೇಳಿದಳು, “ಮರಿ ಇದ್ದಾಗ ಯಾವ ಹಾಲು ಕುಡಿಸಿದ್ರಿ?”

“ನಮ್ಮನೆ ಹಸೂದೇ ಕಣಮ್ಮ.”

“ಕಾಯ್ಸಿ?”

“ಕಾಯ್ಸೋದ್ಯಾಕೆ? ನೊರೆಹಾಲು! ಕೆಚ್ಚಲಿಂದ ಕರೆದಂಗೇ ಕೊಟ್ರೆ ತಾನೆ ಮೈಗೆ ಹತ್ತೋದು? ನಮ್ಮ ಮೊಮ್ಮಗಳು ಪೂಜಾಗೂ ದಿನಾ ಬೆಳಿಗ್ಗೆ ಅದ್ನೇ...”

ಮಾತು ಅಲ್ಲಿಗೇ ನಿಂತಿತು. ತಹಸೀನ್ ಅವನ ಮುಖವನ್ನೇ ನೋಡಿದಳು. ಬಸವರಾಜ್ ಜೇಬಿಗೆ ಕೈ ಹಾಕಿ ಫೋನ್ ತೆಗೆದ.

“ಸುಧಾ, ಮಗು ಏನ್ ಮಾಡ್ತಾವ್ಳೆ?”

“ಹಾಲು ಕುಡೀತಾವ್ಳೆ ಅಪ್ಪಾ,” ಆ ಕಡೆಯಿಂದ ಮಗಳು ನಕ್ಕಳು. “ಬಂದು ನೋಡು, ನೊರೇಲಿ ನಿನ್ನಂಗೇ ಮೀಸೆ ಬರ್ಸ್ಕೊಂಡವ್ಳೆ.”

“ಲೋಟ ಕಿತ್ಕೊ,” ಎಂದ ಬಸವರಾಜ್.