ಒಬ್ಬನಿಗೆ ಬಣ್ಣ

ವೇಯ್ನ್ ಕೇಳದೆಯೇ ಎತ್ತಿಕೊಂಡ. ಡಂಕನ್ ತಂದಿಟ್ಟಿದ್ದ ಮೂವತ್ತಾರು ಪುಟ್ಟ ಪ್ಲಾಸ್ಟಿಕ್ ಈಟಿಗಾರರ ನಡುವಿನಿಂದ ಒಬ್ಬನನ್ನು ಎರಡು ಬೆರಳಲ್ಲಿ ಚಿವುಟಿ ತೆಗೆದು, ಟ್ಯೂಬ್‌ಲೈಟಿಗೆ ಹಿಡಿದು, ತಲೆಕೆಳಗು ಮಾಡಿ ಅಂಗಾಲು ನೋಡಿದ.

ಇನ್ನೊಬ್ಬರ ಬೊಂಬೆಯನ್ನು ಕೇಳದೆ ಮುಟ್ಟಬಾರದು. ಬೊಂಬೆ ಸೈನಿಕರಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಯುದ್ಧವಾಡುವ ಆ ಕ್ಲಬ್ಬಿನಲ್ಲಿ, ಎಲ್ಲೂ ಬರೆದಿಡದಿದ್ದರೂ, ಎಲ್ಲರೂ ಪಾಲಿಸುವ ನಿಯಮ ಅದೊಂದೇ. ಒಬ್ಬರ ಹೆಂಡತಿಯ ಬಗ್ಗೆ ಮಾತಾಡಬಹುದು, ಸತ್ತ ಅಪ್ಪನ ಬಗ್ಗೆ ನಗಬಹುದು, ಬೊಂಬೆ ಮುಟ್ಟುವ ಹಾಗಿಲ್ಲ. ಡಂಕನ್ ಸುತ್ತ ನೋಡಿದ. ಚರ್ಚಿನ ಹಿಂದಿನ ಆ ಹಾಲ್‌ನಲ್ಲಿ ಹನ್ನೆರಡು ಜನ ಗಂಡಸರು ಕಾಗದದ ಲೋಟ ಹಿಡಿದು ನಿಂತಿದ್ದರು. ಯಾರೂ ವೇಯ್ನ್‌ನನ್ನು ತಡೆಯಲಿಲ್ಲ. ತನ್ನ ವಿಷಯ ಇವರೆಲ್ಲ ಮೊದಲೇ ಮಾತಾಡಿಕೊಂಡಿದ್ದಾರೆ ಎಂದು ಅವನಿಗೆ ಗೊತ್ತಾದದ್ದು ಹಾಗೆ.

“ಚೆನ್ನಾಗಿದೆ. ತುಂಬಾನೇ ಚೆನ್ನಾಗಿದೆ ಡಾಕ್ಟ್ರೇ,” ಎಂದ ವೇಯ್ನ್. “ಯಾರ ಹತ್ರ ಮಾಡಿಸಿದ್ರಿ?”

“ನಾನೇ ಮಾಡಿದ್ದು.”

“ನೀವೇ.” ವೇಯ್ನ್ ಬೊಂಬೆಯನ್ನು ವಾಪಸು ಇಡಲಿಲ್ಲ. “ಆರು ವರ್ಷದಿಂದ ಬರ್ತಿದೀರಿ. ಗುರುವಾರ ಗುರುವಾರ ನಾವೆಲ್ಲ ಇಲ್ಲೇ ಕೂತು ಬಣ್ಣ ಹಚ್ತೀವಿ. ಈ ಮನುಷ್ಯನ ಕೈಲಿ ಒಂದಿನ ಬ್ರಷ್ ಇದ್ದಿದ್ದು ಯಾರಾದ್ರೂ ನೋಡಿದೀರೇನ್ರಪ್ಪಾ?”

ಯಾರೋ ಕೆಮ್ಮಿದರು.

“ಮನೇಲಿ ಹಚ್ತೀನಿ.”

“ಮನೇಲಿ! ನನ್ ಭಾವನೂ ಮನೇಲೇ ವ್ಯಾಯಾಮ ಮಾಡ್ತಾನೆ. ನೂರಾ ಮೂವತ್ತು ಕೇಜಿ ಇದಾನೆ.”

ಎಲ್ಲರೂ ನಕ್ಕರು. ವೇಯ್ನ್ ಟೈರ್ ಅಂಗಡಿಯವನು. ಉಗುರಿನ ಸಂದಿನ ಕಪ್ಪು ಎಷ್ಟು ತಿಕ್ಕಿದರೂ ಹೋಗದ ಆ ದಪ್ಪ ಬೆರಳುಗಳಿಂದ ಅವನು ಬೊಂಬೆ ಕುದುರೆಯ ಕಣ್ಣುರೆಪ್ಪೆ ಬರೆಯಬಲ್ಲವನಾಗಿದ್ದ. ಬಾಗಿಲ ಪಕ್ಕದ ಮರದ ಹಲಗೆಯ ಮೇಲೆ ವರ್ಷದ ಅತ್ಯುತ್ತಮ ಪಡೆ ಎಂದು ನಾಲ್ಕು ವರ್ಷ ಅವನದೇ ಹೆಸರಿತ್ತು. ಐದನೆಯ ಸಾಲು ಖಾಲಿ.

ಅಧ್ಯಕ್ಷ ನಾರ್ಮನ್ ಗಂಟಲು ಸರಿಮಾಡಿಕೊಂಡ. ಮೂವತ್ತು ವರ್ಷ ನಾಟಿಂಗ್‌ಹ್ಯಾಮಿನ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಕ್ಲಬ್ಬನ್ನೂ ನಿಲ್ದಾಣದಿಂದ ನಿಲ್ದಾಣಕ್ಕೆ, ಹೊತ್ತಿಗೆ ಸರಿಯಾಗಿ ನಡೆಸುತ್ತಿದ್ದ.

“ದೂರು ಬಂದಿದೆ ಡಂಕನ್, ಇದು ನಿಮ್ಮ ಕೈಕೆಲಸ ಅಲ್ಲ ಅಂತ. ಬಂದ್ಮೇಲೆ ನೋಡ್ಲೇಬೇಕಾಗುತ್ತೆ.”

“ಯಾರು ಕೊಟ್ಟಿದ್ದು?”

“ಅದೆಲ್ಲ ಯಾಕೆ ಈಗ.”

ಎಲ್ಲರೂ ವೇಯ್ನ್‌ನನ್ನು ನೋಡಿದರು. ವೇಯ್ನ್ ತನ್ನ ಟೀ ನೋಡಿಕೊಂಡ.

ಏರ್ಪಾಡು ಸರಳವಾಗಿತ್ತು. ಡಬ್ಬಿಯಿಂದ ಒಂದೇ ಒಂದು ಹೊಸ ಈಟಿಗಾರ. ಅಚ್ಚಿನಿಂದ ಉಳಿದ ಗೆರೆ ಕೆರೆಯುವುದರಿಂದ ಹಿಡಿದು, ಕೊನೆಗೆ ಬೆಳಕು ಬಿದ್ದಂತೆ ಕಾಣಲು ಎಳೆಯುವ ತಿಳಿಬಣ್ಣದ ಗೀಟಿನ ತನಕ ಎಲ್ಲವೂ ಎಲ್ಲರ ಕಣ್ಣೆದುರು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದರ ತನಕ. ಅದು ಉಳಿದ ಮೂವತ್ತಾರಕ್ಕೆ ಹೊಂದಿದರೆ ಈ ವರ್ಷದ ಬಹುಮಾನದ ಕಪ್ ಅವನದು. ಇಲ್ಲದಿದ್ದರೆ ಹೆಸರು ತೆಗೆಯುವುದು, ಕ್ಲಬ್ಬಿನಿಂದಲೇ.

ನಕ್ಕು, ಕೋಟು ಹಾಕಿಕೊಂಡು ಹೊರಟುಬಿಡಬಹುದಿತ್ತು. ನಲವತ್ತೆಂಟು ವರ್ಷದ, ಇತಿಹಾಸದಲ್ಲಿ ಡಾಕ್ಟರೇಟ್ ಮಾಡಿದವನು ಪ್ಲಾಸ್ಟಿಕ್ ಬೊಂಬೆಯ ಪರೀಕ್ಷೆಗೆ ಕೂರುವುದೆಂದರೆ. ಆದರೆ ಕಾಲೇಜಿನಲ್ಲಿ ಅವನ ವಿಭಾಗವನ್ನು ಇನ್ನೊಂದು ವಿಭಾಗಕ್ಕೆ ಸೇರಿಸಿ, ಅದನ್ನು ಮತ್ತೊಂದಕ್ಕೆ ಸೇರಿಸಿ, ಈಗ ಅವನು ಏನು ಕಲಿಸುತ್ತಾನೆಂದು ಕಲಿಯುವವರಿಗೂ ತಿಳಿಯದ ಹಾಗೆ ಮಾಡಿಟ್ಟಿದ್ದರು. ಅವನ ಪ್ರಬಂಧವನ್ನು ಓದಿದವರು ಮೂರು ಜನ, ಅವರಲ್ಲಿ ಇಬ್ಬರು ಪರೀಕ್ಷಕರು. ಇದು ನಾನು ಮಾಡಿದ್ದು ಎಂದು ಬೆರಳು ಮಾಡಿ ತೋರಿಸಬಹುದಾದದ್ದು ಜಗತ್ತಿನಲ್ಲಿ ಅವನಿಗೆ ಮೂವತ್ತಾರೇ ಇದ್ದವು.

ಅವನು ಕೂತ.

ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟಿನಿಂದ ತಲೆ, ಮುಂಡ, ತೋಳು, ಈಟಿ ಕತ್ತರಿಸಿಕೊಂಡ. ಚಾಕುವಿನ ಬೆನ್ನಿನಿಂದ ಭುಜದ ಮೇಲಿನ ಗೆರೆ ಕೆರೆದ. ಅಂಟು ಹಚ್ಚಿ ಹತ್ತು ಎಣಿಸಿದ. ಹಿಂದೆ ನಿಂತವರ ಮಾತು ಕಡಿಮೆಯಾಯಿತು. ಕೆರೆಯುವ ರೀತಿ ನೋಡಿದರೇ ಗೊತ್ತಾಗುತ್ತದೆ, ಕಸಬು ಬಲ್ಲವರಿಗೆ.

ಪ್ರೈಮರ್‌ನ ಕಪ್ಪು ತಳಬಣ್ಣ ಹೊಡೆಯಲು ಹಾಲ್‌ನ ಹಿಂದೆ, ಕಸದ ತೊಟ್ಟಿಗಳ ಹತ್ತಿರ ಹೋದರು. ನವೆಂಬರಿನ ಚಳಿ. ಕಾವಲಿಗೆ ಇಬ್ಬರು ಬಂದರು. ಡಂಕನ್ ಎರಡು ಸಲ ಅಡ್ಡಡ್ಡ ಸ್ಪ್ರೇ ಮಾಡಿದ. ಆಮೇಲೆ ಅದು ಒಣಗಲೆಂದು ಬೊಂಬೆ ಹಿಡಿದುಕೊಂಡು ನಿಂತ.

ನಿಂತೇ ಇದ್ದ.

ಈ ನಿಲ್ಲುವಿಕೆ ಅವನಿಗೆ ಪರಿಚಯವಿರಲಿಲ್ಲ. ಮನೆಯ ಮಹಡಿಯ ಪುಟ್ಟ ಕೋಣೆಯಲ್ಲಿ ಅವನು ಬಳಿಯುವುದು ಸಾಲಾಗಿ: ಮೂವತ್ತಾರು ಎಡ ಬೂಟು, ಮೂವತ್ತಾರು ಬಲ ಬೂಟು. ಒಂದು ಜನವರಿ ಪೂರ್ತಿ ಸೊಂಟದ ಪಟ್ಟಿಗಳು. ಒಂದು ಮಾರ್ಚ್ ಪೂರ್ತಿ ಮೂಗುಗಳು. ಮೂವತ್ತಾರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತಿತ್ತು. ಕೈ ನಿಲ್ಲುತ್ತಿರಲಿಲ್ಲ, ಕೈ ನಿಲ್ಲದಿದ್ದರೆ ತಲೆಯೂ ಸುಮ್ಮನಿರುತ್ತಿತ್ತು. ಹಾಗೆ ಆರು ವರ್ಷ. ಕಾಲಿನಿಂದ ತಲೆಯ ತನಕ ಒಬ್ಬನನ್ನೇ ಕೂತು ಮುಗಿಸಿದ್ದು ಒಂದು ಸಲವೂ ಇಲ್ಲ. ಅವನ ಕೈಗೆ ಬೂಟುಗಳು ಗೊತ್ತಿದ್ದವು. ಮನುಷ್ಯ ಗೊತ್ತಿರಲಿಲ್ಲ.

ಒಳಗೆ ಬಂದು ನಾರ್ಮನ್‌ಗೆ ಮೆಲ್ಲಗೆ ಕೇಳಿದ. “ಇನ್ನೊಂದು ಹತ್ತು ಬೊಂಬೆ ಕೊಡ್ತೀರಾ? ಸಾಲಾಗಿ ಮಾಡೋದು ನನ್ನ ಅಭ್ಯಾಸ.”

ಮೆಲ್ಲಗೆ ಕೇಳಿದ್ದು ಎಲ್ಲರಿಗೂ ಕೇಳಿಸಿತು.

“ಒಂದೇ ಆಗ್ತಿಲ್ಲ, ಹತ್ತು ಬೇಕಂತೆ!” ವೇಯ್ನ್ ತೊಡೆ ತಟ್ಟಿಕೊಂಡ. “ಡಾಕ್ಟ್ರೇ, ಒಂದು ಗೋಡೆಗೆ ಸುಣ್ಣ ಹೊಡೀರಿ ಅಂದ್ರೆ ಬೀದಿಗೆ ಬೀದಿನೇ ಕೊಡಿ ಅಂತೀರಲ್ಲ!”

“ಒಂದು ಅಂದ್ರೆ ಒಂದು,” ಎಂದ ನಾರ್ಮನ್.

ಎಡ ಬೂಟು, ಕಂದು. ಬಲ ಬೂಟು, ಕಂದು. ನಲವತ್ತು ಸೆಕೆಂಡಿನಲ್ಲಿ ಮುಗಿಯಿತು. ಕುಂಚ ತನ್ನಷ್ಟಕ್ಕೆ ಬಲಕ್ಕೆ ಸರಿದು ಮುಂದಿನವನನ್ನು ಹುಡುಕಿತು. ಅಲ್ಲಿ ಮೇಜು ಇತ್ತು.

ಅವನು ಕಾಯಲು ಪ್ರಯತ್ನಿಸಿದ. ಎಲ್ಲರೂ ಅವನು ಕಾಯುವುದನ್ನೇ ನೋಡುತ್ತಿದ್ದರು. ಬಣ್ಣ ಒಣಗುವುದನ್ನು ನೋಡುತ್ತ ಕೂತವನ ಮುಖ ಹೇಗಿರಬೇಕು? ಯಾವ ಮುಖ ಹಾಕಿಕೊಂಡರೂ ಕಳ್ಳನ ಮುಖದಂತೆ ಅನ್ನಿಸಿತು. ಕೋಟಿಗೆ ಇಟ್ಟಿಗೆಗೆಂಪು ಎಳೆದ. ಮತ್ತೆ ಕಾದ. ಮುಖಕ್ಕೆ ಚರ್ಮದ ಬಣ್ಣ ಹಚ್ಚಿದ. ಮತ್ತೆ.

“ಊದ್ಲಾ?” ಎಂದು ವೇಯ್ನ್ ಬಗ್ಗಿ ಕೆನ್ನೆ ಉಬ್ಬಿಸಿದ.

ಟೀ ಮಾಡುವ ಡೋರೀನ್ ತಟ್ಟೆಯಲ್ಲಿ ಚೀಸ್ ಇಟ್ಟ ಬ್ರೆಡ್ಡು ತಂದಳು. “ಯಾಕ್ ಬಾತೂ, ಮುಖ ಹೀಗಾಗೋಗಿದೆ? ತಿನ್ನು.” ಈ ಊರಿನಲ್ಲಿ ಎಲ್ಲರೂ ಎಲ್ಲರನ್ನೂ ಸಲಿಗೆಯಿಂದ ಬಾತು, ಅಂದರೆ ಬಾತುಕೋಳಿ, ಎಂದೇ ಕರೆಯುತ್ತಾರೆ, ಕುತ್ತಿಗೆ ಕುಯ್ಯುವ ಮೊದಲೂ ಅದೇ ಮಾತು. ಡೋರೀನ್‌ಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದ್ದರಿಂದಲೇ ಅವಳು ಹೇಳಿದ್ದು: “ಇಷ್ಟೆಲ್ಲಾ ಯಾಕೆ ನಾರ್ಮನ್? ಇವನ ಹೆಂಡ್ತೀನ ಕೇಳಿದ್ರಾಗಿತ್ತು. ಮನೇಲಿರೋಳಿಗೆ ಗೊತ್ತಿರಲ್ವಾ?”

“ಬೇಡ,” ಎಂದ ಡಂಕನ್. ಸ್ವಲ್ಪ ಬೇಗನೇ ಅಂದುಬಿಟ್ಟ.

“ಯಾಕೆ ಬೇಡ?” ಎಂದ ನಾರ್ಮನ್.

ಕೊನೆಗೆ ಹೆಂಡತಿಯ ನಂಬರು ಒತ್ತಿ ಫೋನನ್ನು ಡಂಕನ್‌ನೇ ಕೊಡಬೇಕಾಯಿತು. ನಾರ್ಮನ್ ಅದನ್ನು ಮೇಜಿನ ಮೇಲೆ, ಬಣ್ಣದ ಬಾಟಲಿಗಳ ನಡುವೆ ಇಟ್ಟು ಸ್ಪೀಕರ್ ಹಾಕಿದ.

“ಹಿಲರಿ ಅವರಾ? ನಾನು ನಾರ್ಮನ್, ಕ್ಲಬ್ಬಿಂದ.”

“ಏನಾಯ್ತು? ಬಿದ್ನಾ?”

“ಇಲ್ಲಿಲ್ಲ, ಚೆನ್ನಾಗೇ ಇದಾರೆ. ಒಂದು ಸಣ್ಣ ವಿಷಯ. ಡಂಕನ್ ಮನೇಲಿ ಸೈನಿಕರಿಗೆ ಬಣ್ಣ ಹಚ್ಚೋದು ನೀವು ನೋಡಿದೀರಾ?”

ಆ ಕಡೆ ಬಟ್ಟೆ ಒಗೆಯುವ ಯಂತ್ರ ತಿರುಗುವ ಸದ್ದು.

“ಊಟ ಆದ್ಮೇಲೆ ಮೇಲ್ಗಡೆ ಹೋಗ್ತಾನೆ. ಬಾಗಿಲು ಹಾಕ್ಕೋತಾನೆ.”

“ಒಳಗಡೆ ಏನ್ ಮಾಡ್ತಾರೆ?”

“ನಂಗ್ಯಾರು ಹೇಳಿದಾರೆ? ಕರೆದಿದ್ರೆ ಹೋಗಿ ನೋಡ್ತಿದ್ದೆ.”

“ಅಂದ್ರೆ, ಬ್ರಷ್ಷು, ಬಣ್ಣದ ವಾಸನೆ, ಹಂಗೇನಾದ್ರೂ...”

“ನೋಡಿ, ನಾನು ಸುಳ್ಳು ಹೇಳೋಳಲ್ಲ. ಮೊದಲನೇ ವರ್ಷ ಬಾಗಿಲು ತಟ್ಟಿದ್ದೆ, ಎರಡು ಸಲ. ಒಂದ್ನಿಮಿಷ ಅಂದ. ಆ ಒಂದ್ನಿಮಿಷ ಇನ್ನೂ ಆಗಿಲ್ಲ.” ಯಂತ್ರ ನಿಂತಿತು. “ಅವನು ಅಲ್ಲೇ ಕೇಳಿಸ್ಕೋತಿದಾನಾ?”

ನಾರ್ಮನ್ ಡಂಕನ್‌ನ ಮುಖ ನೋಡಿದ. “ಇಲ್ಲ,” ಎಂದ.

“ಬರ್ತಾ ಹಾಲು ತರೋಕೆ ಹೇಳಿ.”

ಫೋನಿನ ಪರದೆ ಕತ್ತಲಾಯಿತು. ಯಾರೂ ನಗಲಿಲ್ಲ, ಅದೇ ಇನ್ನಷ್ಟು ಅಸಹನೀಯವಾಗಿತ್ತು. ಡಂಕನ್ ತಲೆ ತಗ್ಗಿಸಿದ. ಆಗ ಅವನಿಗೆ ತನ್ನ ಕೈ ಕಂಡಿತು. ಹೆಂಡತಿ ಮಾತಾಡುತ್ತಿದ್ದಷ್ಟು ಹೊತ್ತೂ ಅದು ಸುಮ್ಮನೆ ಕೂತಿರಲಿಲ್ಲ. ನೆರಳಿಗೆ ಹಾಕುವ ತೆಳು ಕಂದನ್ನು ಮುಖದ ಮೇಲೆ, ಕೆಳಗಿನ ಬಣ್ಣ ಒಣಗುವ ಮೊದಲೇ ಹಚ್ಚಿಬಿಟ್ಟಿತ್ತು. ಒಣಗಿದ ಮೇಲಾಗಿದ್ದರೆ ಆ ಕಂದು ಕಣ್ಣಿನ ಗುಳಿಗೆ, ಮೂಗಿನ ಬುಡಕ್ಕೆ ಇಳಿದು ಮುಖ ಮೂಡಿಸುತ್ತಿತ್ತು. ಹಸಿಯ ಮೇಲೆ ಬಿದ್ದು ಎಲ್ಲವೂ ಕಲಸಿಹೋಗಿತ್ತು. ಕೊಪ್ಪರಿಗೆಯಂಥ ಟೋಪಿಯ ಕೆಳಗೆ ಕೆಸರಿನ ಒಂದು ಉಂಡೆ.

ಮಗ್ಗಿ ತಪ್ಪಿದವನು ಮುಂದಿನ ಸಾಲು ಹೇಳುವ ಹಾಗೆ ಅವನು ಮುಂದುವರಿಸಿದ. ಕೋಟಿನ ಅಂಚಿಗೆ ತಿಳಿಗೆಂಪು. ಈಟಿಯ ತುದಿಗೆ ಬೆಳ್ಳಿ. ಒಂದು ಗಂಟೆ ಹೊಡೆಯಿತು.

“ಎತ್ಲಾ?” ವೇಯ್ನ್ ಈ ಸಲ ಕೈಕಟ್ಟಿಕೊಂಡು, ಬಹಳ ವಿನಯದಿಂದ ಕೇಳಿದ. ಎತ್ತಿ, ಹತ್ತಿರ ಹಿಡಿದು ನೋಡಿದ. “ಮುಖಾನೇ ಇಲ್ವಲ್ಲ ಇದಕ್ಕೆ.”

“ಯುದ್ಧದ ಮೇಜಲ್ಲಿ ಯಾರೂ ಮೂಗಿಗೆ ಮೂಗು ಇಟ್ಟು ನೋಡಲ್ಲ,” ಎಂದ ನಾರ್ಮನ್. ಹಿಲರಿಯ ಮಾತು ಕೇಳಿದ ಮೇಲೆ ಅವನ ದನಿಗೆ ಒಂದು ಬಗೆಯ ಕರುಣೆ ಬಂದಿತ್ತು. “ಮೂರಡಿ ದೂರದಿಂದ ನೋಡೋದು ಕ್ರಮ. ತಿರುಗಿ ಎಲ್ರೂ.”

ಎಲ್ಲರೂ ಗೋಡೆಗೆ ಮುಖ ಮಾಡಿದರು. ನಾರ್ಮನ್ ಮೂವತ್ತಾರು ಜನರನ್ನೂ ಸಾಲಾಗಿ ನಿಲ್ಲಿಸಿದ್ದ ತಟ್ಟೆಯಿಂದ ಒಬ್ಬನನ್ನು ತೆಗೆದು ತನ್ನ ಸ್ವೆಟರಿನ ಜೇಬಿಗೆ ಹಾಕಿಕೊಂಡು, ಆ ಜಾಗದಲ್ಲಿ ಹೊಸಬನನ್ನು ನಿಲ್ಲಿಸಿದ. ಪಾದಗಳನ್ನು ತಟ್ಟೆಗೆ ಅಂಟಿಸಿದ್ದ ನಕಲಿ ಹುಲ್ಲು ಮುಚ್ಚಿತು. ಬಣ್ಣ ಉಜ್ಜಿಹೋಗದಂತೆ ಕಾಯುವ ವಾರ್ನಿಷ್ ಯಾರ ಮೇಲೂ ಇರಲಿಲ್ಲ. ತೀರ್ಪಿನ ತನಕ ಹೊಡೆಯುವಂತಿಲ್ಲ.

“ಹುಡುಕು ವೇಯ್ನ್.”

ವೇಯ್ನ್ ಮೂರಡಿ ದೂರ ನಿಂತು ಕಣ್ಣು ಕಿರಿದು ಮಾಡಿದ. “ಎರಡನೇ ಸಾಲು, ಮೂರನೆಯವನು.”

“ಅಲ್ಲ.”

“ಅವನ ಹಿಂದಿನವನು.”

“ಅಲ್ಲ.”

“ಕೊನೆಯ ಸಾಲು, ಬಲ ತುದಿ.”

“ಅಲ್ಲ.”

ಗೆದ್ದೆ, ಅನ್ನಿಸಿತು ಡಂಕನ್‌ಗೆ.

“ಸರಿ, ಮುಗೀತು,” ಎಂದ ನಾರ್ಮನ್. “ಡಂಕನ್, ನೀವೇ ತೋರಿಸಿಬಿಡಿ ಇವನಿಗೆ.”

ಡಂಕನ್ ಮೂರಡಿಯಿಂದ ನೋಡಿದ. ಒಂದಡಿಗೆ ಬಂದು ನೋಡಿದ. ಮಹಡಿಯ ಹಳದಿ ದೀಪದಲ್ಲಿ ಒಬ್ಬೊಬ್ಬನ ಮೂಗಿನ ಮೇಲೂ ಅವನು ಒಂದೊಂದು ಕೂದಲೆಳೆಯ ಬೆಳಕು ಇಟ್ಟಿದ್ದ. ಈ ಟ್ಯೂಬ್‌ಲೈಟಿನ ಕೆಳಗೆ ಅದು ಇರಲಿಲ್ಲ. ಆರು ಸಾಲು, ಆರಾರು ಟೋಪಿ. ಎಲ್ಲ ಟೋಪಿಗಳ ಕೆಳಗೂ ಅದೇ ಕೆಸರು. ಯಾವುದು ಇವತ್ತಿನದು, ಯಾವುದು ಆರು ವರ್ಷದ್ದು? ಅವನ ಬೆರಳು ಮೇಲೆದ್ದು, ಸಾಲಿನ ಮೇಲೆ ತೇಲಾಡಿ, ಎಲ್ಲೂ ಇಳಿಯಲಿಲ್ಲ.

“ಅಯ್ಯೋ,” ಎಂದ ವೇಯ್ನ್. ಅವನ ದನಿಯಲ್ಲಿ ಮೊದಲ ಬಾರಿಗೆ ತಮಾಷೆಯಿರಲಿಲ್ಲ. “ಮಾಡಿದೋನಿಗೇ ಗೊತ್ತಾಗ್ತಿಲ್ಲ ಕಣ್ರೋ.”

“ನಾವು ಒಳಗೆ ಕೂತು ಮಾತಾಡ್ತೀವಿ,” ಎಂದ ನಾರ್ಮನ್, ಯಾರ ಮುಖವನ್ನೂ ನೋಡದೆ. ಎಲ್ಲರೂ ಅಡಿಗೆಮನೆಗೆ ನಡೆದರು. ಬಾಗಿಲು ಮುಚ್ಚಿತು. ಚಮಚದ ಸದ್ದು, ಆಮೇಲೆ ಗೊಣಗಾಟ, ಆಮೇಲೆ ಒಂದು ದೊಡ್ಡ ನಗು. ಯಾವುದಕ್ಕೋ.

ಡಂಕನ್ ಕೂತ. ಇನ್ನೂ ಹಸಿಯಿರುವವನೇ ಇವತ್ತಿನವನು, ಎಂದುಕೊಂಡ. ಮೊದಲ ಸಾಲಿನ ಎಡ ತುದಿಯವನ ಮುಖದ ಮೇಲೆ ಹೆಬ್ಬೆರಳಿಟ್ಟು ಒತ್ತಿದ. ಒಣಗಿತ್ತು. ಪಕ್ಕದವನು. ಒಣಗಿತ್ತು. ಕೈ ಎಡದಿಂದ ಬಲಕ್ಕೆ, ಸಾಲಿನಿಂದ ಸಾಲಿಗೆ, ಅಭ್ಯಾಸದ ಲಯಕ್ಕೆ ಬಿತ್ತು. ಬೆಳಗಿನಿಂದ ಮೊದಲ ಸಲ ಎದೆ ಹಗುರಾಯಿತು. ಆರನೆಯ ಸಾಲಿನ ಕೊನೆಯವನನ್ನೂ ಒತ್ತಿ ಬೆರಳನ್ನು ಬೆಳಕಿಗೆ ಹಿಡಿದ. ಶುಭ್ರವಾಗಿತ್ತು. ಗೋಡೆ ಗಡಿಯಾರದಲ್ಲಿ ಎರಡಕ್ಕೆ ಇಪ್ಪತ್ತು ನಿಮಿಷ. ಅವನಿಂದ ಕಾಯಲಾಗದೇ ಹೋದ ಆ ಒಣಗುವುದು, ಅವನನ್ನು ಕೇಳದೆ, ಆಗಿ ಮುಗಿದಿತ್ತು.

ಅಡಿಗೆಮನೆಯ ಬಾಗಿಲಿನ ಹಿಡಿ ತಿರುಗಿತು. ಯಾರೋ ಅವನ ಹೆಸರು ಕರೆದರು.

“ಒಂದ್ನಿಮಿಷ,” ಎಂದ ಡಂಕನ್, ತಲೆಯೆತ್ತದೆ. ಹೆಬ್ಬೆರಳನ್ನು ನಾಲಿಗೆಗೆ ಒತ್ತಿ ಚೆನ್ನಾಗಿ ಒದ್ದೆ ಮಾಡಿಕೊಂಡು ಮೊದಲ ಸಾಲಿನ ಎಡ ತುದಿಯಿಂದ ಮತ್ತೆ ಶುರು ಮಾಡಿದ. ಈ ಸಲ ಬಣ್ಣ ಎದ್ದುಬರುವಂತೆ ಉಜ್ಜುತ್ತ ಹೋದ. ಮೊದಲು ಮೂಗುಗಳು.